ಕೀಬೋರ್ಡ್ ಮೂಕವಾದರೆ ಗಾನವೃಂದವೂ ಮೂಕವಾಗಬೇಕೇ?



ಈ ಅಂಕಣಕ್ಕೆ ಬರುವ ಪತ್ರಗಳಲ್ಲಿ ಹೆಚ್ಚಿನವು ಹಾಡುಗಳ ಆಯ್ಕೆಯ ಬಗ್ಗೆ, ಶ್ರುತಿಯ ಬಗ್ಗೆ, ಹಾಡಲು ಬಾರದ ಯುವಜನರ ಬಗ್ಗೆ ಇರುತ್ತವೆ. ಈ ಬಾರಿ ಆದೋನಿಗೆ ಹತ್ತಿರದ ಪೆದ್ದಕಡುಬೂರಿನ ಕಡೆಯಿಂದ ಬಂದ ಪತ್ರ ಬೇರೆ ತರಹದ್ದು. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ರಚನೆಯಾಗುವವರೆಗೂ ಆದೋನಿ ತಾಲ್ಲೂಕು ಬಳ್ಳಾರಿ ಜಿಲ್ಲೆಗೆ ಸೇರಿತ್ತು. ಅಂದಿನಿಂದ ಗಡಿ ಬದಲಾದರೂ ಮನೆಮಾತು ಬದಲಾಗಲಿಲ್ಲ. ಇಂದಿಗೂ ಆ ಭಾಗದಲ್ಲಿ ಕನ್ನಡ ಮತ್ತು ತೆಲುಗು ಎರಡರಲ್ಲೂ ಪ್ರಾರ್ಥಿಸುವ ಮನೆಗಳಿವೆ. ನಮ್ಮ ಪತ್ರಿಕೆಯನ್ನು ಓದುವ ಅಲ್ಲಿನ ಗಾನವೃಂದದ ಯುವಕರು ಬರೆದಿರುವುದರ ಸಾರಾಂಶ ಇಷ್ಟು:

ಅವರ ಚಿಕ್ಕ ದೇವಾಲಯದಲ್ಲಿ ಒಂದು ಕೀಬೋರ್ಡ್ ಇದೆ. ಹತ್ತಿ ಬಿಡಿಸುವ ಕೂಲಿಯಲ್ಲಿ ಮನೆಮನೆಯವರು ಸ್ವಲ್ಪ ಸ್ವಲ್ಪ ಉಳಿಸಿ ಕೊಂಡದ್ದು. ಈಗ ಅದರ ಸ್ಪೀಕರಿನಿಂದ ಸ್ವರ ಬರುತ್ತಿಲ್ಲ. ಮೈಕ್ ಸೆಟ್ಟಿಗೆ ಜೋಡಿಸಿದರೆ ಗುಂಯ್ ಎನ್ನುವ ಸದ್ದಿನ ಜೊತೆ, ಡಬ್ಬದೊಳಗಿಂದ ಬಂದ ಹಾಗೆ ತೆಳ್ಳಗೆ ಕೇಳುತ್ತದೆ. ಮೂರು ಕೀಗಳು ನುಡಿಯುವುದಿಲ್ಲ, ಒಂದು ಕೀ ಮೆಲ್ಲಗೆ ಒತ್ತಿದರೂ ಕಿರುಚುತ್ತದೆ. ರಿಪೇರಿ ಅಂಗಡಿಯೊಂದರಲ್ಲಿ ಮುಚ್ಚಳವನ್ನೂ ತೆಗೆಯದೆ, ಒಳಗಿನ ಬೋರ್ಡು ಹೋಗಿದೆ, ಹೊಸದನ್ನೇ ಕೊಳ್ಳಿ ಎಂದರಂತೆ. ಕ್ರಿಸ್ಮಸ್ ಮುಗಿದ ಮೇಲೆ ಹಲವು ಕುಟುಂಬಗಳು ಮೆಣಸಿನಕಾಯಿ ಬಿಡಿಸಲು ಗುಂಟೂರಿನ ಕಡೆಗೆ ಹೊರಡುತ್ತವೆ. ಆಗ ಹಾಡುವವರೂ ಇರುವುದಿಲ್ಲ, ಹಣ ಕೂಡಿಸುವವರೂ ಇರುವುದಿಲ್ಲ. ಮತ್ತೆ ಮನೆಮನೆಗೆ ಹೋಗಿ ಕೈಯೊಡ್ಡಬೇಕೇ, ಇಲ್ಲವೇ ಇದನ್ನೇ ಸರಿಪಡಿಸಬಹುದೇ ಎಂಬುದು ಅವರ ಪ್ರಶ್ನೆ.

ಕಣ್ಣಾರೆ ನೋಡದೆ ತೀರ್ಪು ಕೊಡುವುದು ಸರಿಯಲ್ಲ. ಆದರೂ ಪತ್ರದಲ್ಲಿ ಬರೆದಿರುವ ಲಕ್ಷಣಗಳನ್ನು ನೋಡಿದರೆ ಬೋರ್ಡು ಹೋಗಿರುವ ಸಂಭವ ಕಡಿಮೆ. ಮುಖ್ಯ ಬೋರ್ಡು ಪೂರ್ತಿ ಕೆಟ್ಟಿದ್ದರೆ ಮೈಕ್ ಸೆಟ್ಟಿನಲ್ಲೂ ಸ್ವರ ಬರುತ್ತಿರಲಿಲ್ಲ. ಇದು ಒಂದು ದೊಡ್ಡ ರೋಗವಲ್ಲ, ಒಂದೇ ಸಮಯಕ್ಕೆ ಕೂಡಿಬಂದ ನಾಲ್ಕು ಚಿಕ್ಕ ತೊಂದರೆಗಳು ಎಂದು ನಮಗೆ ತೋರುತ್ತದೆ. ನಾಲ್ಕಕ್ಕೂ ಬೇರೆ ಬೇರೆ ಕಾರಣ, ಬೇರೆ ಬೇರೆ ಉಪಾಯ. ಇದೇ ಕಷ್ಟ ಬೇರೆ ಧರ್ಮಕೇಂದ್ರಗಳಲ್ಲೂ ಇರುವುದರಿಂದ ಎಲ್ಲರಿಗೂ ಉಪಯೋಗವಾಗುವಂತೆ ವಿವರವಾಗಿ ಬರೆಯುತ್ತೇವೆ.

ಮೊದಲು ದೋಷವಲ್ಲದ ದೋಷಗಳು

1980ರಲ್ಲಿ ಕ್ಯಾಸಿಯೋ ಸಂಸ್ಥೆ ತನ್ನ ಮೊದಲ ವಾದ್ಯ ಕ್ಯಾಸಿಯೋಟೋನ್ 201 ಅನ್ನು ಮಾರುಕಟ್ಟೆಗೆ ತಂದಿತು. ನಮ್ಮ ಕಡೆ ಇಂದಿಗೂ ಯಾವ ಕಂಪೆನಿಯ ಕೀಬೋರ್ಡನ್ನಾದರೂ 'ಕ್ಯಾಸಿಯೋ' ಎಂದೇ ಕರೆಯುವವರಿದ್ದಾರೆ. ಹೆಸರು ಯಾವುದಾದರೇನು, ಇವೆಲ್ಲ ಸಣ್ಣ ಕಂಪ್ಯೂಟರುಗಳೇ. ಮಕ್ಕಳು ಯಾವುದೋ ಗುಂಡಿ ಒತ್ತಿ ಬಿಟ್ಟರೆ ಕೆಟ್ಟುಹೋದಂತೆ ಕಾಣುತ್ತವೆ. ಆದ್ದರಿಂದ ಸ್ಕ್ರೂಡ್ರೈವರ್ ಕೈಗೆತ್ತಿಕೊಳ್ಳುವ ಮೊದಲು ಇವನ್ನು ನೋಡಿರಿ.

ಇಡೀ ವಾದ್ಯ ಅರ್ಧ ಸ್ವರ ಮೇಲೋ ಕೆಳಗೋ ನುಡಿಯುತ್ತಿದ್ದರೆ ಟ್ರಾನ್ಸ್‌ಪೋಸ್ ಬದಲಾಗಿದೆ. ಅದು ಸೊನ್ನೆಯಲ್ಲಿರಲಿ. ಹಾರ್ಮೋನಿಯಂ ಜೊತೆ ಸ್ವಲ್ಪವೇ ಹೊಂದುತ್ತಿಲ್ಲವಾದರೆ ಟ್ಯೂನಿಂಗ್ 440ರಲ್ಲಿದೆಯೇ ನೋಡಿ. ಎಡಗಡೆಯ ಕೀಗಳು ಹಾಡಿನ ಸ್ವರ ನುಡಿಯದೆ ತಾಳಕ್ಕೆ ಸ್ವರಮೇಳವನ್ನಷ್ಟೇ ಕೊಡುತ್ತಿದ್ದರೆ ಅಕಂಪನಿಮೆಂಟ್ ಗುಂಡಿ ಆನ್ ಆಗಿದೆ. ತಾಳ, ಎರಡು ವಾದ್ಯಗಳ ಧ್ವನಿ, ಸಸ್ಟೇನ್ ಎಲ್ಲವನ್ನೂ ಒಟ್ಟಿಗೆ ಹಾಕಿ ನುಡಿಸುವಾಗ ಕೆಲವು ಸ್ವರಗಳು ನಡುವೆ ಕಡಿದುಹೋಗುತ್ತವೆ. ಅದು ಕೆಟ್ಟಿರುವುದರಿಂದಲ್ಲ. 32 ಸ್ವರಗಳ ವಾದ್ಯ 33ನೆಯದನ್ನು ನುಡಿಸಬೇಕಾದಾಗ ಹಳೆಯದೊಂದನ್ನು ಬಿಡುತ್ತದೆ, ಅಷ್ಟೆ.

ಸ್ವರಗಳು ನಿಲ್ಲದೆ ಎಳೆಯುತ್ತಲೇ ಇದ್ದರೆ ಕಾಲಿನ ಪೆಡಲನ್ನು ಗಮನಿಸಿ. ಪೆಡಲ್ ಒತ್ತಿಕೊಂಡೇ ಸ್ವಿಚ್ ಹಾಕಿದರೆ ಅನೇಕ ಕೀಬೋರ್ಡುಗಳು ಅದನ್ನು ತಿರುಗುಮುರುಗಾಗಿ ತಿಳಿದುಕೊಳ್ಳುತ್ತವೆ: ಒತ್ತಿದಾಗ ನಿಲ್ಲುತ್ತದೆ, ಬಿಟ್ಟಾಗ ಎಳೆಯುತ್ತದೆ. ಆಫ್ ಮಾಡಿ, ಕಾಲು ತೆಗೆದು, ಮತ್ತೆ ಆನ್ ಮಾಡಿದರೆ ಸಾಕು.

ಏನು ಬದಲಾಗಿದೆ ಎಂದು ತಿಳಿಯದಿದ್ದರೆ ಎಲ್ಲವನ್ನೂ ಮೊದಲ ಸ್ಥಿತಿಗೆ ತರಬಹುದು. ಯಮಹಾದ ಹಲವು ಪಿಎಸ್‌ಆರ್ ಮಾದರಿಗಳಲ್ಲಿ ಬಲಗಡೆಯ ಕೊನೆಯ ಬಿಳಿ ಕೀಯನ್ನು ಒತ್ತಿ ಹಿಡಿದು ಸ್ವಿಚ್ ಹಾಕಿದರೆ ಹೀಗಾಗುತ್ತದೆ. ಬೇರೆ ಕಂಪೆನಿಗಳದ್ದು ಪುಸ್ತಿಕೆಯಲ್ಲಿರುತ್ತದೆ. ಹೀಗೆ ಮಾಡಿದಾಗ ನೀವು ಉಳಿಸಿಟ್ಟ ಸೆಟ್ಟಿಂಗುಗಳು ಅಳಿಸಿಹೋಗಬಹುದು ಎಂಬುದು ನೆನಪಿರಲಿ.

ಎರಡು ಪರೀಕ್ಷೆ, ಅರ್ಧ ರಿಪೇರಿ

ಒಳ್ಳೆಯ ವೈದ್ಯರು ಔಷಧಿಗೆ ಮೊದಲು ನಾಡಿ ನೋಡುತ್ತಾರೆ. ಕೀಬೋರ್ಡಿನ ನಾಡಿ ನೋಡಲು ಒಂದು ಹೆಡ್‌ಫೋನ್ ಮತ್ತು ಆರು ಹೊಸ ಬ್ಯಾಟರಿ ಸಾಕು.

ಮೊದಲನೆಯದು ಹೆಡ್‌ಫೋನ್ ಪರೀಕ್ಷೆ. ಮೈಕ್ ಸೆಟ್ಟಿನ ಕೇಬಲ್ ಕಿತ್ತು, ಹೆಡ್‌ಫೋನ್ ಹಾಕಿ ಕೇಳಿ. ಅದರಲ್ಲಿ ಸ್ವರ ಶುದ್ಧವಾಗಿ ಬಂದರೆ ವಾದ್ಯದ ಹೃದಯ ಚೆನ್ನಾಗಿದೆ ಎಂದರ್ಥ. ತೊಂದರೆ ಸ್ಪೀಕರಿನಲ್ಲಿ, ಕೇಬಲಿನಲ್ಲಿ ಅಥವಾ ಮೈಕ್ ಸೆಟ್ಟಿನಲ್ಲಿದೆ. ಹೆಡ್‌ಫೋನಿನಲ್ಲೂ ಕೆಟ್ಟದಾಗಿ ಕೇಳಿಸಿದರೆ ಮಾತ್ರ ದೋಷ ಒಳಗಿದೆ.

ಎರಡನೆಯದು ಬ್ಯಾಟರಿ ಪರೀಕ್ಷೆ. ಅಡಾಪ್ಟರ್ ತೆಗೆದು ಬ್ಯಾಟರಿಯ ಮೇಲೆ ನುಡಿಸಿ. ಗುಂಯ್ ಸದ್ದು ನಿಂತರೆ ದೋಷ ಕರೆಂಟಿನ ದಾರಿಯಲ್ಲಿದೆ. ನಿಲ್ಲದಿದ್ದರೆ ಕೇಬಲಿನಲ್ಲೋ ಆಂಪ್ಲಿಫೈಯರಿನಲ್ಲೋ ಹುಡುಕಬೇಕು.

ಈ ಎರಡನ್ನು ಮಾಡಿ, ಕಂಡದ್ದನ್ನು ಒಂದು ಚೀಟಿಯಲ್ಲಿ ಬರೆದುಕೊಂಡು ಹೋದರೆ ಯಾವ ಅಂಗಡಿಯವರೂ ಮುಚ್ಚಳ ತೆಗೆಯದೆ ಬೋರ್ಡು ಹೋಗಿದೆ ಎಂದು ಹೇಳಲಾರರು.

ಸ್ಪೀಕರ್ ಮೌನವಾಗಿದ್ದರೆ

ಹೆಡ್‌ಫೋನಿನ ಪಿನ್ ಚುಚ್ಚಿದೊಡನೆ ಕೀಬೋರ್ಡಿನ ಸ್ಪೀಕರ್ ನಿಲ್ಲುತ್ತದೆಯಲ್ಲವೇ? ಆ ರಂಧ್ರದ ಒಳಗೆ ಒಂದು ಚಿಕ್ಕ ತಗಡಿನ ಸ್ವಿಚ್ಚಿದೆ. ಪಿನ್ ಅದನ್ನು ದೂಡಿ ಸ್ಪೀಕರಿನ ದಾರಿ ಮುಚ್ಚುತ್ತದೆ. ಪ್ರತಿ ಭಾನುವಾರ ಮೈಕ್ ಸೆಟ್ಟಿಗೆ ಅಲ್ಲಿಂದಲೇ ಜೋಡಿಸುವ ದೇವಾಲಯಗಳಲ್ಲಿ ಆ ತಗಡು ಧೂಳು ಕುಳಿತು, ಕಿಲುಬು ಹಿಡಿದು, ಪಿನ್ ತೆಗೆದ ಮೇಲೂ ಮೊದಲ ಜಾಗಕ್ಕೆ ಬರುವುದಿಲ್ಲ. ಪಿನ್ ಇನ್ನೂ ಒಳಗೇ ಇದೆ ಎಂದುಕೊಂಡು ವಾದ್ಯ ಸ್ಪೀಕರನ್ನು ಮುಚ್ಚಿಯೇ ಇಡುತ್ತದೆ. ಪತ್ರ ಬರೆದವರ ಮೊದಲ ತೊಂದರೆ ಬಹುಮಟ್ಟಿಗೆ ಇದೇ.

ಕೀಬೋರ್ಡ್ ಆಫ್ ಮಾಡಿ, ಪಿನ್ನನ್ನು ಇಪ್ಪತ್ತು ಸಲ ಒಳಗೆ ಹೊರಗೆ ಮಾಡಿ. ಎಷ್ಟೋ ಸಲ ಇಷ್ಟಕ್ಕೇ ಸರಿಹೋಗುತ್ತದೆ. ಆಗದಿದ್ದರೆ ಎಲೆಕ್ಟ್ರಾನಿಕ್ ಅಂಗಡಿಯಲ್ಲಿ ಸಿಗುವ ಕಾಂಟ್ಯಾಕ್ಟ್ ಕ್ಲೀನರ್ ಸ್ಪ್ರೇಯನ್ನು ಪಿನ್ನಿಗೆ ಸ್ವಲ್ಪ ಹಚ್ಚಿ ಮತ್ತೆ ಹಾಗೆಯೇ ಮಾಡಿ, ಒಣಗಲು ಬಿಡಿ. ಸೀಮೆಎಣ್ಣೆ, ಕೊಬ್ಬರಿ ಎಣ್ಣೆ, ಹೊಲಿಗೆ ಯಂತ್ರದ ಎಣ್ಣೆ ಬೇಡವೇ ಬೇಡ. ಎಣ್ಣೆ ಧೂಳನ್ನು ಹಿಡಿದಿಡುತ್ತದೆ, ಕೆಲವು ಪ್ಲಾಸ್ಟಿಕ್ಕುಗಳನ್ನು ಹಾಳುಮಾಡುತ್ತದೆ. ಅದಕ್ಕೂ ಬಗ್ಗದಿದ್ದರೆ ಜ್ಯಾಕ್ ಬದಲಿಸಬೇಕು. ಬೆಸುಗೆ ಹಾಕಲು ಬಲ್ಲ ಯಾವ ಟಿ.ವಿ. ರಿಪೇರಿಯವರಾದರೂ ಮಾಡಬಲ್ಲ ಕೆಲಸ ಅದು.

ವಾಲ್ಯೂಮ್ ತಿರುಗಿಸುವಾಗ ಮಾತ್ರ ಕರಕರ ಸದ್ದು ಬಂದರೆ ಅದೂ ಧೂಳಿನದೇ ಕೆಲಸ. ಆಫ್ ಮಾಡಿ, ಆ ಗುಂಡಿಯನ್ನು ಕೊನೆಯಿಂದ ಕೊನೆಗೆ ಹತ್ತಾರು ಸಲ ತಿರುಗಿಸಿ ನೋಡಿ. ಜೋರಾಗಿ ಇಟ್ಟಾಗ ಮಾತ್ರ ಬಿರ್ರ್ ಎಂದರೆ ಸ್ಪೀಕರಿನ ಕಾಗದ ಹರಿದಿರಬಹುದು, ಇಲ್ಲವೇ ಬ್ಯಾಟರಿ ಇಳಿದಿರಬಹುದು.

ಗುಂಯ್ ಸದ್ದು ಮತ್ತು ಅಡಾಪ್ಟರ್

ನಮ್ಮ ಮನೆಗಳ ಕರೆಂಟು ಸೆಕೆಂಡಿಗೆ 50 ಸಲ ಅತ್ತಿತ್ತ ಹರಿಯುತ್ತದೆ. ಅದನ್ನು ಸರಿಯಾಗಿ ಸೋಸದ ಅಗ್ಗದ ಅಡಾಪ್ಟರ್ ಆ ಅಲೆಯನ್ನು ಸ್ವರದೊಳಗೆ ಬಿಡುತ್ತದೆ. ಅದೇ ಗುಂಯ್. ದೇವಾಲಯದ ವೈರಿಂಗಿನಲ್ಲಿ ಅರ್ತಿಂಗ್ ಸರಿಯಿಲ್ಲದಿದ್ದರೂ, ಕೀಬೋರ್ಡ್ ಮತ್ತು ಆಂಪ್ಲಿಫೈಯರ್ ಎರಡು ದೂರದೂರದ ಪ್ಲಗ್ಗುಗಳಲ್ಲಿದ್ದರೂ ಇದೇ ಸದ್ದು. ಎರಡನ್ನೂ ಒಂದೇ ಬೋರ್ಡಿಗೆ ಹಾಕಿ ನೋಡಿ. ಕೀಬೋರ್ಡಿನ ಕೇಬಲನ್ನು ಕರೆಂಟಿನ ವೈರಿನ ಜೊತೆ ಸುತ್ತಿ ಒಯ್ಯಬೇಡಿ. ಎರಡೂ ದಾಟಲೇಬೇಕಾದಲ್ಲಿ ಶಿಲುಬೆಯಾಕಾರದಲ್ಲಿ ದಾಟಲಿ. ಫ್ಯಾನಿನ ರೆಗ್ಯುಲೇಟರ್ ತಿರುಗಿಸಿದಾಗ ಸದ್ದು ಬದಲಾಗುತ್ತಿದ್ದರೆ ಕಾರಣ ಅಲ್ಲೇ ಇದೆ. ಆಂಪ್ಲಿಫೈಯರಿನ ಮೂರು ಪಿನ್ನಿನ ಪ್ಲಗ್ಗಿನಿಂದ ಅರ್ತ್ ಪಿನ್ ಮುರಿದು ಸದ್ದು ನಿಲ್ಲಿಸುವವರೂ ಇದ್ದಾರೆ. ಅದು ಜೀವಕ್ಕೇ ಅಪಾಯ. ಮೈಕ್ ಹಿಡಿಯುವುದು ಗುರುಗಳ ಕೈ, ಮಕ್ಕಳ ಕೈ. ಖಂಡಿತ ಹಾಗೆ ಮಾಡಬೇಡಿ.

ಅಡಾಪ್ಟರ್ ಕೊಳ್ಳುವಾಗ ಪಿನ್ ರಂಧ್ರಕ್ಕೆ ಹಿಡಿಯಿತೆಂಬುದೇ ಸಾಲದು. ವೋಲ್ಟ್ ಎಷ್ಟು, ಪಿನ್ನಿನ ನಡುಭಾಗ ಪ್ಲಸ್ಸೋ ಮೈನಸ್ಸೋ ಎಂಬುದನ್ನು ಕೀಬೋರ್ಡಿನ ಹಿಂದೆ ಬರೆದಿರುವುದಕ್ಕೆ ಹೋಲಿಸಿ. ಯಮಹಾದ ಪಿಎ-130, ಪಿಎ-150 ಅಡಾಪ್ಟರುಗಳು 12 ವೋಲ್ಟಿನವು, ನಡುಭಾಗ ಪ್ಲಸ್. ಕ್ಯಾಸಿಯೋದ ಹಳೆಯ ಎಡಿ-5 ಅಡಾಪ್ಟರ್ 9 ವೋಲ್ಟಿನದು, ನಡುಭಾಗ ಮೈನಸ್. ಒಂದರ ಬದಲಿಗೆ ಇನ್ನೊಂದನ್ನು ಚುಚ್ಚಿದರೆ ಆಗ ನಿಜವಾಗಿಯೂ ಬೋರ್ಡು ಹೋಗಬಹುದು. ಆಂಪಿಯರ್ ಮಾತ್ರ ಬೇಕಾದದ್ದಕ್ಕಿಂತ ಹೆಚ್ಚಿದ್ದರೆ ತೊಂದರೆಯಿಲ್ಲ, ಕಡಿಮೆ ಇರಬಾರದು.

ಅಡಾಪ್ಟರಿನ ವೈರ್ ಅಲುಗಾಡಿಸಿದಾಗ ವಾದ್ಯ ಆರಿ ಹತ್ತುತ್ತಿದ್ದರೆ ಒಳಗಿನ ಬೆಸುಗೆ ಬಿಟ್ಟಿದೆ. ವೈರಿಗೆ ದಾರ ಕಟ್ಟಿ ಎಳೆದು ನಿಲ್ಲಿಸಿಕೊಂಡು ತಿಂಗಳುಗಟ್ಟಲೆ ನುಡಿಸಬೇಡಿ. ಸಣ್ಣ ಬಿರುಕು ದೊಡ್ಡದಾಗುತ್ತದೆ.

ಮೈಕ್ ಸೆಟ್ಟಿನಲ್ಲಿ ಸ್ವರ ತೆಳ್ಳಗಾದರೆ

ಇದನ್ನು ಸ್ವಲ್ಪ ವಿವರಿಸಬೇಕು. ಏಕೆಂದರೆ ಇಲ್ಲಿ ವಾದ್ಯವೂ ಕೆಟ್ಟಿರುವುದಿಲ್ಲ, ಮೈಕ್ ಸೆಟ್ಟೂ ಕೆಟ್ಟಿರುವುದಿಲ್ಲ. ಎರಡರ ನಡುವಿನ ಕೇಬಲ್ ಹೊಂದಿರುವುದಿಲ್ಲ.

ಹೆಡ್‌ಫೋನ್ ರಂಧ್ರದಿಂದ ಎರಡು ಸ್ವರಗಳು ಹೊರಡುತ್ತವೆ, ಎಡಗಿವಿಗೆ ಒಂದು, ಬಲಗಿವಿಗೆ ಒಂದು. ಮಿಕ್ಸರಿನ ಕೆಲವು ಮೈಕ್ ದಾರಿಗಳು ಬರುವ ಎರಡು ತಂತಿಗಳ ನಡುವಿನ ವ್ಯತ್ಯಾಸವನ್ನು ಮಾತ್ರ ದೊಡ್ಡದು ಮಾಡುತ್ತವೆ. ದೂರದಿಂದ ಬರುವ ಮೈಕಿನಲ್ಲಿ ಸೇರಿಕೊಂಡ ಗದ್ದಲವನ್ನು ಕಳೆಯಲು ಅದು ಒಳ್ಳೆಯ ಉಪಾಯ. ಆದರೆ ಎರಡು ಗೆರೆಯ ಸ್ಟೀರಿಯೋ ಪಿನ್ನಿನಿಂದ ಕೀಬೋರ್ಡನ್ನು ಅಲ್ಲಿಗೆ ಜೋಡಿಸಿದರೆ ಎಡಬಲಗಳಲ್ಲಿ ಒಂದೇ ಆಗಿರುವ ಸ್ವರವೆಲ್ಲ ಒಂದನ್ನೊಂದು ಕಳೆದುಕೊಂಡು ಮಾಯವಾಗುತ್ತದೆ. ಉಳಿಯುವುದು ಡಬ್ಬದೊಳಗಿನ ಪ್ರತಿಧ್ವನಿಯಂಥ ಸದ್ದು. ಪೆದ್ದಕಡುಬೂರಿನ ಪತ್ರದಲ್ಲಿರುವ ಮಾತು ಇದಕ್ಕೆ ಸರಿಯಾಗಿ ಹೊಂದುತ್ತದೆ. ಇನ್ನು ಒಂದೇ ಗೆರೆಯ ಮೋನೋ ಪಿನ್ನನ್ನು ಹೆಡ್‌ಫೋನ್ ರಂಧ್ರಕ್ಕೆ ಚುಚ್ಚಿದರೆ ಬಲಗಡೆಯ ಸ್ವರ ನೇರ ಅರ್ತಿಗೆ ತಾಗುತ್ತದೆ. ಅರ್ಧ ಸ್ವರ ಹೋಗುವುದಲ್ಲದೆ ಒಳಗಿನ ಭಾಗಕ್ಕೂ ಆಯಾಸ.

ಪರಿಹಾರ ಸುಲಭ. ಕೀಬೋರ್ಡಿನ ಹಿಂದೆ 'ಎಲ್/ಮೋನೋ' ಎಂಬ ಔಟ್‌ಪುಟ್ ಇದ್ದರೆ ಅದನ್ನೇ ಬಳಸಿ. ಇಲ್ಲದಿದ್ದರೆ ಒಂದು ತುದಿಯಲ್ಲಿ ಸ್ಟೀರಿಯೋ ಪಿನ್, ಇನ್ನೊಂದು ತುದಿಯಲ್ಲಿ ಎಡಬಲಕ್ಕೆ ಎರಡು ಮೋನೋ ಪಿನ್ ಇರುವ ಕೇಬಲ್ ತಂದು, ಮಿಕ್ಸರಿನ ಎರಡು ದಾರಿಗಳಿಗೆ ಕೊಡಿ. ದಾರಿ ಒಂದೇ ಇದ್ದರೆ ಎಡಗಡೆಯ ಪಿನ್ ಮಾತ್ರ ಚುಚ್ಚಿ, ಇನ್ನೊಂದಕ್ಕೆ ಟೇಪು ಸುತ್ತಿ ಬಿಡಿ. ಚುಚ್ಚುವುದು ಮೈಕ್ ಎಂದು ಬರೆದಲ್ಲಿ ಅಲ್ಲ, ಆಕ್ಸ್ ಅಥವಾ ಲೈನ್ ಎಂದು ಬರೆದಲ್ಲಿ. ಮೈಕಿನಿಂದ ಬರುವುದು ಬಹಳ ಕ್ಷೀಣವಾದ ಸ್ವರ, ಅದನ್ನು ದೊಡ್ಡದು ಮಾಡಲು ಇರುವ ದಾರಿಗೆ ಕೀಬೋರ್ಡಿನ ಬಲವಾದ ಸ್ವರ ಬಂದರೆ ಒಡೆದು ಕೇಳಿಸುತ್ತದೆ. ಕೀಬೋರ್ಡಿನ ವಾಲ್ಯೂಮ್ ಅರ್ಧದಿಂದ ಮುಕ್ಕಾಲಿನಲ್ಲಿರಲಿ, ಉಳಿದದ್ದನ್ನು ಆಂಪ್ಲಿಫೈಯರಿನಲ್ಲಿ ಏರಿಸಿ. ಆರಂಭಿಸುವಾಗ ಮೊದಲು ಕೀಬೋರ್ಡ್, ಆಮೇಲೆ ಆಂಪ್ಲಿಫೈಯರ್. ಮುಗಿಸುವಾಗ ಮೊದಲು ಆಂಪ್ಲಿಫೈಯರ್. ಹೀಗಾದರೆ ಧಡ್ ಎಂಬ ಪೆಟ್ಟು ಸ್ಪೀಕರಿಗೆ ಬೀಳುವುದಿಲ್ಲ.

ನುಡಿಯದ ಕೀ, ಕಿರುಚುವ ಕೀ

ಈ ಎರಡೂ ಒಂದೇ ರೋಗ. ಪ್ರತಿ ಕೀಯ ಕೆಳಗೆ ರಬ್ಬರಿನ ಗುಳ್ಳೆಯೊಂದರಲ್ಲಿ ಎರಡು ಕಪ್ಪು ಕಾರ್ಬನ್ ಬಿಲ್ಲೆಗಳಿವೆ. ಕೀ ಒತ್ತಿದಾಗ ಒಂದು ಮೊದಲು ತಾಗುತ್ತದೆ, ಇನ್ನೊಂದು ಕ್ಷಣ ತಡವಾಗಿ ತಾಗುತ್ತದೆ. ನಡುವಿನ ಆ ಕ್ಷಣವನ್ನು ಅಳೆದು ನೀವು ಮೆಲ್ಲಗೆ ಒತ್ತಿದಿರೋ ಜೋರಾಗಿ ಒತ್ತಿದಿರೋ ಎಂದು ವಾದ್ಯ ತಿಳಿಯುತ್ತದೆ. ಧೂಳು ಕುಳಿತು ಒಂದು ಬಿಲ್ಲೆ ತಾಗದಿದ್ದರೆ ಕೀ ಮೌನ. ಧೂಳಿನಿಂದ ಆ ಅಳತೆ ತಪ್ಪಿದರೆ ಮೆಲ್ಲಗೆ ಒತ್ತಿದರೂ ಕಿರುಚು. ಆದೋನಿಯ ಸುತ್ತಮುತ್ತ ಹತ್ತಿಯ ಎಳೆ ಗಾಳಿಯಲ್ಲೇ ತೇಲುತ್ತದೆ, ಬೇಸಿಗೆಯಲ್ಲಿ ಕಪ್ಪುಮಣ್ಣಿನ ಧೂಳು ಬಾಗಿಲು ಮುಚ್ಚಿದರೂ ಒಳಗೆ ಬರುತ್ತದೆ. ಅಲ್ಲಿನ ವಾದ್ಯಕ್ಕೆ ಈ ರೋಗ ಬರುವುದರಲ್ಲಿ ಆಶ್ಚರ್ಯವೇನು?

ಕೆಟ್ಟ ಕೀಗಳು ಅಲ್ಲೊಂದು ಇಲ್ಲೊಂದು ಇದ್ದರೆ ಧೂಳು. ಅಕ್ಕಪಕ್ಕದ ಹಲವಾರು ಕೀಗಳು ಒಟ್ಟಿಗೇ ಹೋಗಿದ್ದರೆ ಅಥವಾ ಒಂದೇ ಅಂತರದಲ್ಲಿ ಸಾಲಾಗಿ ಹೋಗಿದ್ದರೆ ಪಟ್ಟಿ ಕೇಬಲ್ ಸಡಿಲವಾಗಿದೆ ಇಲ್ಲವೇ ಒಳಗಿನ ಗೆರೆ ತುಂಡಾಗಿದೆ. ಎರಡನೆಯದು ತಿಳಿದವರ ಕೆಲಸ. ಮೊದಲನೆಯದನ್ನು ತಾಳ್ಮೆಯುಳ್ಳ ಯುವಕರು ಮಾಡಬಹುದು. ಗ್ಯಾರಂಟಿ ಅವಧಿ ಇದ್ದರೆ ಮಾತ್ರ ಬಿಚ್ಚಬೇಡಿ. ಅಡಾಪ್ಟರ್ ಇಲ್ಲದೆ ನೇರ ಕರೆಂಟಿನ ವೈರ್ ಹೋಗುವ ದೊಡ್ಡ ವಾದ್ಯಗಳನ್ನೂ ಬಿಚ್ಚಬೇಡಿ, ಅವುಗಳೊಳಗೆ ಪ್ಲಗ್ ತೆಗೆದ ಮೇಲೂ ಕರೆಂಟು ಉಳಿದಿರುತ್ತದೆ.

ಕ್ರಮ ಹೀಗಿದೆ. ಅಡಾಪ್ಟರ್, ಬ್ಯಾಟರಿ ತೆಗೆಯಿರಿ. ಮೇಜಿನ ಮೇಲೆ ದಪ್ಪ ಬಟ್ಟೆ ಹಾಸಿ ವಾದ್ಯವನ್ನು ಬೋರಲು ಮಲಗಿಸಿ. ಸ್ಕ್ರೂಗಳ ಉದ್ದ ಬೇರೆ ಬೇರೆ, ಆದ್ದರಿಂದ ಒಂದು ಕಾಗದದ ಮೇಲೆ ಕೀಬೋರ್ಡಿನ ಚಿತ್ರ ಬರೆದು ಆಯಾ ಜಾಗದಲ್ಲೇ ಇಡುತ್ತಾ ಬನ್ನಿ. ಪ್ರತಿ ಹಂತಕ್ಕೂ ಮೊಬೈಲಿನಲ್ಲಿ ಒಂದು ಫೋಟೋ ತೆಗೆಯಿರಿ. ಪಟ್ಟಿ ಕೇಬಲುಗಳನ್ನು ಎಳೆಯಬೇಡಿ. ಕೀಗಳ ಕೆಳಗಿನ ಉದ್ದನೆಯ ರಬ್ಬರ್ ಪಟ್ಟಿಯನ್ನು ಮೆಲ್ಲಗೆ ಎಬ್ಬಿಸಿ. ಅದರ ಕೆಳಗಿನ ಬೋರ್ಡಿನ ಕಪ್ಪು ಗುರುತುಗಳನ್ನು ಐಸೋಪ್ರೊಪೈಲ್ ಆಲ್ಕೊಹಾಲಿನಲ್ಲಿ ಅದ್ದಿದ, ಎಳೆ ಬಿಡದ ಬಟ್ಟೆಯಿಂದ ಒರೆಸಿ. ರಬ್ಬರಿನ ಬಿಲ್ಲೆಗಳನ್ನು ಒಣಬಟ್ಟೆಯಿಂದ ಮೆಲ್ಲಗೆ ಮುಟ್ಟಿದರೆ ಸಾಕು, ಉಜ್ಜಬೇಡಿ, ಬೆರಳಿನ ಜಿಡ್ಡು ತಾಗಿಸಬೇಡಿ. ಪೂರ್ತಿ ಒಣಗಿದ ಮೇಲೆ ಪಟ್ಟಿಯ ಚಿಕ್ಕ ಬಾಲಗಳು ಆಯಾ ರಂಧ್ರದಲ್ಲಿ ಕೂರುವಂತೆ ಇಟ್ಟು, ಎಲ್ಲ ಸ್ಕ್ರೂ ಬಿಗಿಯುವ ಮೊದಲೇ ಒಂದು ಸಲ ಬ್ಯಾಟರಿ ಹಾಕಿ ಪ್ರತಿ ಕೀ ನುಡಿಸಿ ನೋಡಿ. ಒಂದು ಮಧ್ಯಾಹ್ನದ ಕೆಲಸ. ಖರ್ಚು ಒಂದು ಶೀಶೆ ಆಲ್ಕೊಹಾಲಿನದು.

ಮತ್ತೆ ಕೆಡದಂತೆ

ನಮ್ಮ ದೇವಾಲಯಗಳಲ್ಲಿ ಕೀಬೋರ್ಡಿಗೆ ಕೆಲವು ವಿಶೇಷ ಶತ್ರುಗಳಿವೆ. ಧೂಪದ ಹೊಗೆಯ ಅಂಟು, ಮೇಣದ ಹನಿ, ಹೂದಾನಿಯ ನೀರು, ಬೆಚ್ಚಗಿನ ಜಾಗ ಹುಡುಕುವ ಹಲ್ಲಿ, ಜಿರಲೆ, ಇರುವೆ. ತಗಡಿನ ಮಾಡಿನ ಕೆಳಗೆ ಮೇ ತಿಂಗಳ ಬಿಸಿಲಿನಲ್ಲಿ ಪ್ಲಾಸ್ಟಿಕ್ ಬಾಗುತ್ತದೆ. ಆದ್ದರಿಂದ ಬಲಿಪೂಜೆ ಮುಗಿದೊಡನೆ ಒಣಬಟ್ಟೆಯಿಂದ ಒರೆಸಿ, ದಪ್ಪ ಬಟ್ಟೆಯ ಹೊದಿಕೆ ಹಾಕಿ, ತಂಪಾದ ಕೋಣೆಯಲ್ಲಿಡಿ. ವಾರಗಟ್ಟಲೆ ಬಳಸದಿದ್ದರೆ ಬ್ಯಾಟರಿ ತೆಗೆದಿಡಿ. ಸೋರಿದ ಬ್ಯಾಟರಿ ತಗಡುಗಳನ್ನು ತಿಂದುಹಾಕುತ್ತದೆ. ಹಳೆಯದು ಹೊಸದು ಬೆರೆಸಿ ಹಾಕಬೇಡಿ. ಕುಟುಂಬಗಳು ಗುಂಟೂರಿಗೆ ಹೋಗುವ ತಿಂಗಳುಗಳಲ್ಲಿ ವಾದ್ಯವನ್ನು ಯಾರ ಮನೆಯಲ್ಲಿ ಇಡುವುದೆಂದು ಮೊದಲೇ ನಿಶ್ಚಯಿಸಿ. ಹದಿನೈದು ದಿನಕ್ಕೊಮ್ಮೆ ಅದನ್ನು ಅರ್ಧ ಗಂಟೆ ನುಡಿಸುವ ಒಬ್ಬರು ಊರಲ್ಲಿ ಉಳಿದಿರಲಿ.

ವರ್ಷಕ್ಕೊಮ್ಮೆ ಶುಚಿ ಮಾಡಲು ತಪಸ್ಸುಕಾಲ ತಕ್ಕ ಸಮಯ. ಆ ದಿನಗಳಲ್ಲಿ ಧರ್ಮಸಭೆ ವಾದ್ಯಗಳನ್ನು ಹಾಡಿಗೆ ಆಸರೆಯಾಗಿ ಮಾತ್ರ ಬಳಸಲು ಹೇಳುತ್ತದೆ. ನಾಲ್ಕನೆಯ ಭಾನುವಾರ ಮತ್ತು ಮಹೋತ್ಸವ, ಹಬ್ಬಗಳು ಮಾತ್ರ ಇದಕ್ಕೆ ಹೊರತು. ಒಂದು ಶನಿವಾರ ವಾದ್ಯ ಇಲ್ಲದೆ ಅಭ್ಯಾಸ ಮಾಡಿದರೂ ನಷ್ಟವಿಲ್ಲ. ಪಾಸ್ಖ ಜಾಗರಣೆಯ ರಾತ್ರಿ ಮಹಿಮಾಗೀತೆಗೆ ಗಂಟೆಗಳೊಡನೆ ಅದು ತುಂಬುಸ್ವರದಲ್ಲಿ ಮೊಳಗಿದರೆ ಆ ಶ್ರಮ ಸಾರ್ಥಕ.

ಕೊನೆಯ ಮಾತು

1963ರ ಡಿಸೆಂಬರ್ 4ರಂದು ಎರಡನೆಯ ವ್ಯಾಟಿಕನ್ ಮಹಾಸಭೆ ಪವಿತ್ರ ದೈವಾರಾಧನೆಯ ಬಗ್ಗೆ ಹೊರಡಿಸಿದ ಸಂವಿಧಾನವು ಪೈಪ್ ಆರ್ಗನ್ನಿಗೆ ಗೌರವದ ಸ್ಥಾನ ಕೊಟ್ಟು, ಪವಿತ್ರ ಬಳಕೆಗೆ ತಕ್ಕುದಾದ ಬೇರೆ ವಾದ್ಯಗಳನ್ನೂ ಅಧಿಕಾರವುಳ್ಳವರ ಒಪ್ಪಿಗೆಯಿಂದ ಬಳಸಲು ಬಾಗಿಲು ತೆರೆಯಿತು. ನಮ್ಮ ಹಾರ್ಮೋನಿಯಂ, ತಬಲಾ, ಕೀಬೋರ್ಡುಗಳು ಪೀಠದ ಪಕ್ಕಕ್ಕೆ ಬಂದದ್ದು ಆ ಬಾಗಿಲಿನಿಂದ. ಪವಿತ್ರ ಬಳಕೆಗೆ ಬಂದ ವಸ್ತುವನ್ನು ಜೋಪಾನ ಮಾಡುವುದೂ ಆರಾಧನೆಯ ಒಂದು ಭಾಗ. ಪಾನಪಾತ್ರೆಯನ್ನು ಒರೆಸಿಡುವ ನಾವು, ಬಡವರ ಕೂಲಿಯ ಹಣದಿಂದ ಬಂದ ವಾದ್ಯವನ್ನು ಧೂಳಿನಲ್ಲಿ ಬಿಡಬಹುದೇ?

ಸಂತ ಪೌಲರು ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರದ 14ನೆಯ ಅಧ್ಯಾಯದಲ್ಲಿ ಕೊಳಲು ಮತ್ತು ಕಿನ್ನರಿಯ ಮಾತು ಬರುತ್ತದೆ. ಅವುಗಳ ಸ್ವರಗಳಲ್ಲಿ ಸ್ಪಷ್ಟತೆ ಇಲ್ಲದಿದ್ದರೆ ಏನು ನುಡಿಸುತ್ತಿದ್ದಾರೆಂದು ಯಾರಿಗೆ ತಿಳಿದೀತು ಎಂಬುದು ಅವರ ಪ್ರಶ್ನೆ. ಅವರ ಕಾಳಜಿ ವಾದ್ಯದ ಬಗ್ಗೆ ಅಲ್ಲ, ಸಭೆಯ ಭಕ್ತವೃದ್ಧಿಯ ಬಗ್ಗೆ. ನಮ್ಮದೂ ಹಾಗೆಯೇ ಇರಲಿ. ಎಲ್ಲ ಪ್ರಯತ್ನ ಮಾಡಿದ ಮೇಲೂ ವಾದ್ಯ ಸರಿಹೋಗದಿದ್ದರೆ ಎದೆಗುಂದಬೇಡಿ. ಕ್ರಿಸ್ತ ಜಯಂತಿಯ ರಾತ್ರಿ ಒಂದು ಡೋಲಕ್ಕು, ಒಂದು ಜೊತೆ ತಾಳ, ಶ್ರುತಿ ಹಿಡಿದು ಹಾಡಬಲ್ಲ ಹತ್ತು ಕೊರಳು ಇದ್ದರೆ ಹಾಡಿಗೆ ಕೊರತೆಯಿಲ್ಲ. ಸಾಲ ಮಾಡಿ ಹೊಸದನ್ನು ತರುವುದಕ್ಕಿಂತ ಅದು ಎಷ್ಟೋ ಮೇಲು.

ಪೆದ್ದಕಡುಬೂರಿನ ಸಹೋದರರೇ, ಮೊದಲು ಹೆಡ್‌ಫೋನ್, ಆಮೇಲೆ ಬ್ಯಾಟರಿ, ಆಮೇಲೆ ಕೇಬಲ್, ಕೊನೆಗೆ ಸ್ಕ್ರೂಡ್ರೈವರ್. ಈ ಕ್ರಮ ಬಿಡಬೇಡಿ. ಏನು ಕಂಡಿರೆಂದು ನಮಗೆ ಬರೆದು ತಿಳಿಸಿ. ಉಳಿದ ಓದುಗರೂ ತಮ್ಮ ಗಾನವೃಂದದ ಕಷ್ಟಗಳನ್ನು ಬರೆಯಲಿ, ಮುಂದಿನ ಸಂಚಿಕೆಗಳಲ್ಲಿ ಒಟ್ಟಾಗಿ ವಿಚಾರ ಮಾಡೋಣ.